ಹಿಮದೂರಿನ ಕೊಲೆ ಮತ್ತು ನಮ್ಮ ಅಕ್ಕೋರು

ಹೋದ ತಿಂಗಳ ಕೊನೆಯ ದಿನ ನಮ್ಮ ಶಾಲೆಯ ಅಕ್ಕೋರು ನಿವೃತ್ತರಾದರು. ಶಾಲೆ ಇರುವುದು ಹಿರಿಯೂರು ತಾಲ್ಲೂಕಿನಲ್ಲಿ, ಜವನಗೊಂಡನಹಳ್ಳಿಯಿಂದ ಒಳಕ್ಕೆ ಹೋಗುವ ರಸ್ತೆಯ ಒಂದು ಸಣ್ಣ ಊರಿನಲ್ಲಿ. ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಮಕ್ಕಳೂ ದೊಡ್ಡವರೂ ಅಕ್ಕೋರು ಅಂತಲೇ ಕರೆಯುವುದು. ನಾನೂ ಅಲ್ಲಿ ಪಾಠ ಹೇಳುವವಳೇ. ಆದರೆ ಊರಿನವರು ಬರೀ ‘ಅಕ್ಕೋರು’ ಅಂದರೆ ಅದು ಅವರೊಬ್ಬರೇ, ನಾನು ‘ಚಿಕ್ಕಕ್ಕೋರು’.

ಬೀಳ್ಕೊಡುಗೆಗೆ ಶಾಲೆಯ ಮುಂದೆ ಶಾಮಿಯಾನ ಹಾಕಿದ್ದರು. ಮಾತಾಡಿದವರೆಲ್ಲ ಅವರ ಪಾಠದ ಬಗ್ಗೆ ಒಂದೆರಡು ಮಾತು ಹೇಳಿ ಬೇಗನೆ ಮನೆಯ ವಿಷಯಕ್ಕೆ ಬರುತ್ತಿದ್ದರು. ಗಂಡ ತೀರಿಕೊಂಡ ಮೇಲೂ ಹಾಸಿಗೆ ಹಿಡಿದ ಅತ್ತೆಯನ್ನು ಕೊನೆತನಕ ನೋಡಿಕೊಂಡರು, ಇಂಥ ಸೊಸೆ ಈ ಕಾಲದಲ್ಲಿ ಸಿಗುವುದಿಲ್ಲ ಅಂತ. ಆ ಮಾತು ಬಂದಾಗಲೆಲ್ಲ ಅಕ್ಕೋರು ತಲೆ ತಗ್ಗಿಸಿ, ಕೊರಳಿನ ಹಾರದಿಂದ ಹೂವಿನ ಎಸಳು ಕೀಳುತ್ತ ಕೂತಿದ್ದರು. ನನ್ನ ಸರದಿ ಬರುವ ಮುಂಚೆ ನನ್ನ ಕಡೆ ವಾಲಿ, “ನೀನಾದ್ರೂ ಆ ಮಾತು ಎತ್ತಬೇಡ ಕಣೆ” ಅಂದರು. ನಾನು ಎತ್ತಲಿಲ್ಲ. ಏನೋ ನಾಲ್ಕು ಮಾತು ತೊದಲಿ ಕೂತೆ.

ಅಂದು ಗಂಟಲಲ್ಲಿ ಉಳಿದದ್ದನ್ನು ಬರೆಯಲೇ ಅಂತ ಆಮೇಲೆ ಅವರನ್ನು ಕೇಳಿದೆ. “ಬರಿ. ಹೆಸರು ಹಾಕಬೇಡ. ನನ್ನ ಒಳ್ಳೇವ್ಳನ್ನೂ ಮಾಡಬೇಡ” ಅಂದರು.

ಅಕ್ಕೋರದು ಸಣಕಲು ಮೈ, ದಪ್ಪ ದನಿ. ಅವರು ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ಕಂಡಿಲ್ಲ. ತುದಿಯಲ್ಲೇ ಕೂರುವುದು, ಯಾರೋ ಕೂಗಿದರೆ ಏಳಬೇಕಾದವರ ಹಾಗೆ. ನಾವಿಬ್ಬರೂ ದಿನಾ ಶಾಲೆಗೆ ಹೋಗಿಬರುವ ಬಸ್ಸಿನಲ್ಲೂ ಕಿಟಕಿ ಪಕ್ಕದ ಸೀಟು ನನಗೆ, ದಾರಿಯ ಪಕ್ಕದ್ದು ಅವರಿಗೆ. ಮಕ್ಕಳ ಉಗುರು ನೋಡಿ ಬೈಯುತ್ತಿರಲಿಲ್ಲ. ಬ್ಯಾಗಿನಿಂದ ಕಟರ್ ತೆಗೆದು, ಮಗುವನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ತಾವೇ ಕತ್ತರಿಸುತ್ತಿದ್ದರು. ಯಾರಾದರೂ ಕಷ್ಟ ಹೇಳಿಕೊಂಡರೆ ಪೂರ್ತಿ ಕೇಳಿ, “ಆಯ್ತು, ಮುಂದೆ ನಡಿ” ಅನ್ನುವರು. ಮೊದಮೊದಲು ನನಗೆ ಅದು ಒರಟು ಅನ್ನಿಸುತ್ತಿತ್ತು.

ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಅಂದರೆ, ಪ್ರಯತ್ನಪಟ್ಟರೂ ಬರುತ್ತಿರಲಿಲ್ಲ. ಒಮ್ಮೆ ಇಲಾಖೆಯ ಸಾಹೇಬರೊಬ್ಬರು ಶಾಲೆ ನೋಡಲು ಬರುತ್ತಾರೆ ಅಂತ ಗೊತ್ತಾಗಿ, ನಾನೂ ಅವರೂ ಸೇರಿ ಮೂರನೇ ಕ್ಲಾಸಿನ ಮಕ್ಕಳಿಗೆ ಒಂದು ಪಾಠ ಗಟ್ಟಿ ಮಾಡಿಸಿದ್ದೆವು. ಸಾಹೇಬರು ಬಂದರು, ಮಕ್ಕಳು ನೀರು ಕುಡಿದ ಹಾಗೆ ಓದಿದರು, ಸಾಹೇಬರು ಭೇಷ್ ಅಂದರು. ಅಷ್ಟರಲ್ಲಿ ಅಕ್ಕೋರು, “ಸಾರ್, ಈ ಪಾಠ ಇವಕ್ಕೆ ನಿನ್ನೆ ಬಾಯಿಪಾಠ ಮಾಡ್ಸೀವಿ. ಬೇರೆ ಪುಟ ಓದುಸ್ರಿ” ಅಂದುಬಿಟ್ಟರು. ನನಗೆ ನೆಲ ಬಿರಿದು ಬಾಯಿ ಬಿಡಬಾರದೇ ಅನ್ನಿಸಿತು. ಸಾಹೇಬರು ಮಾತ್ರ ನಕ್ಕು ಬೇರೆ ಪುಟ ಓದಿಸಿ, ಅರ್ಧದಷ್ಟು ಭೇಷ್ ಹೇಳಿ ಹೋದರು.

ಇಂಥವರು ಬದುಕಿನಲ್ಲಿ ಒಂದು ಸುಳ್ಳು ಹೇಳಿದರು. ಆ ಸುಳ್ಳಿಗೆ ನಾನೂ ಒಂದು ತುಣುಕು ಸೇರಿಸಿದೆ.

ಅವರ ಮನೆ ಹಿರಿಯೂರಿನಲ್ಲಿ. ಮಕ್ಕಳಿಲ್ಲ. ಗಂಡ ಹೋದ ಕೆಲವೇ ದಿನಕ್ಕೆ ಅತ್ತೆಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋಗಿದ್ದವು. ಮಾತು ಸ್ವಲ್ಪ ತೊದಲುತ್ತಿತ್ತು, ಖಾರವಂತೂ ಕಡಿಮೆಯಾಗಿರಲಿಲ್ಲ. ಹಗಲಿಗೆ ಒಬ್ಬ ಹೆಂಗಸು ಬಂದು ಇರುತ್ತಿದ್ದಳು. ಸಂಜೆ ಅಕ್ಕೋರು ಬಸ್ಸಿಳಿದು ಮನೆ ಸೇರಿದರೆ ಅವಳು ಹೊರಡುವಳು. ಆಮೇಲೆ ಬೆಳಗಿನ ತನಕ ನಡುಮನೆಯಲ್ಲಿ ಇವರಿಬ್ಬರೇ. ನಾನು ಹೋದಾಗ ಕಂಡಂತೆ, ಅವರ ಮಧ್ಯೆ ಇದ್ದ ಮಾತು ಬಹಳ ಕಡಿಮೆ. “ಉಣ್ತೀರಾ?” “ಹಾಕು.” “ಸಾಕಾ?” “ಸಾಕು.” ಜಗಳವೂ ಇಲ್ಲ, ಪ್ರೀತಿಯೂ ಕಾಣುತ್ತಿರಲಿಲ್ಲ. ಅತ್ತೆಯ ಮಗ ಬದುಕಿದ್ದಾಗ ಇಬ್ಬರ ನಡುವೆ ಮಾತಿನ ಕೊಂಡಿಯಾಗಿದ್ದ. ಅವನು ಹೋದ ಮೇಲೆ ಏನು ಮಾತಾಡಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ, ಅಷ್ಟೇ.

ಒಂದು ಸಂಜೆ ನಮ್ಮ ಬಸ್ಸು ಹೈವೇ ಪಕ್ಕದಲ್ಲಿ ಪಂಕ್ಚರಾಗಿ ನಿಂತಿತು. ಹೊಂಗೆ ಮರದ ಕೆಳಗೆ ಕೂತು ನಾನು ಫೋನು ತೆಗೆದು, ಆಗ ನೋಡುತ್ತಿದ್ದ ಒಂದು ಸೀರಿಯಲ್ ಹಾಕಿಕೊಂಡೆ. ಯಾವುದೋ ಚಳಿ ದೇಶದ್ದು; ಭಾಷೆ ಒಂದಕ್ಷರ ತಿಳಿಯುವುದಿಲ್ಲ, ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಬರುತ್ತವೆ. ಹಿಮ ಮುಚ್ಚಿದ ಒಂದು ಸಣ್ಣ ಊರು. ಕೆರೆ ಹೆಪ್ಪುಗಟ್ಟಿದೆ. ಆ ಗಾಜಿನಂಥ ಕೆರೆಯ ಅಡಿಯಲ್ಲಿ ಊರಿನ ದೋಣಿಯವನ ಹೆಣ ಮೇಲಕ್ಕೆ ಮುಖ ಮಾಡಿಕೊಂಡು ನಿಂತಿದೆ. ಅಲ್ಲಿಂದ ಶುರು.

ಅಕ್ಕೋರು ಪಕ್ಕದಿಂದ ಇಣುಕಿದರು. “ಏನೇ ಇದು, ಒಂದು ಗಲಾಟೆ ಇಲ್ಲ, ಅಳು ಇಲ್ಲ?” ಅಂದರು. ಸ್ವಲ್ಪ ಹೊತ್ತಾದ ಮೇಲೆ, “ಇನ್ನೊಂಚೂರು ಈ ಕಡೆ ಹಿಡಿ” ಅಂದರು. ಬದಲಿ ಬಸ್ಸು ಬಂದು ಹಾರ್ನ್ ಹೊಡೆದಾಗ ಇಬ್ಬರೂ ಬೆಚ್ಚಿಬಿದ್ದೆವು. ಹಿರಿಯೂರು ಬಂತು. ಇಳಿಯುವಾಗ, “ಅದನ್ನ ನನ್ನ ಫೋನಿಗೂ ಹಾಕ್ಕೊಡಕ್ಕಾಗುತ್ತಾ?” ಅಂದರು, ಏನೋ ಮಾಡಬಾರದ್ದನ್ನು ಕೇಳುವ ದನಿಯಲ್ಲಿ.

ಅವರು ತಮಗೆ ಬೇಕು ಅಂತ ಏನನ್ನಾದರೂ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಖುಷಿಯಿಂದ ಹಾಕಿಕೊಟ್ಟೆ.

ಆಮೇಲೆ ನಮ್ಮ ಬಸ್ಸಿನ ಪ್ರಯಾಣದ ರೂಪವೇ ಬದಲಾಯಿತು. ಮುಂಚೆ ತೂಕಡಿಸುತ್ತಿದ್ದ ನಾವು ಈಗ ಕೊಲೆಗಾರನನ್ನು ಹುಡುಕುತ್ತಿದ್ದೆವು. ಕ್ಲಾಸಿನಲ್ಲಿ ಪೆನ್ಸಿಲ್ ಕದ್ದವರನ್ನು ಹಿಡಿಯುವುದರಲ್ಲಿ ಅಕ್ಕೋರು ಪಳಗಿದವರು. ಅದೇ ವಿದ್ಯೆಯನ್ನು ಆ ಹಿಮದೂರಿನ ಮೇಲೆ ಪ್ರಯೋಗಿಸಿದರು. “ಆ ಬ್ರೆಡ್ ಮಾಡೋನು ಪೊಲೀಸ್ನೋಳ ಮುಖ ನೋಡ್ತಾನೇ ಇಲ್ಲ, ನೋಡಿದ್ಯಾ?” ಅನ್ನುವರು. ಒಂದು ಬೆಳಿಗ್ಗೆ ಬಸ್ಸು ಹತ್ತಿದವರೇ, ನನ್ನನ್ನು ಕಂಡ ಸಂಭ್ರಮಕ್ಕೆ ದನಿ ತಗ್ಗಿಸುವುದನ್ನು ಮರೆತು, “ಕೊಡಲಿ ಎಲ್ಲಿ ಬಚ್ಚಿಟ್ಟವ್ರೆ ಅಂತ ನಂಗೆ ಗೊತ್ತಾಯ್ತು ಕಣೆ!” ಅಂದರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಹಾಗೇ ನಿಂತ. ಮುಂದಿನ ಸೀಟಿನ ಅಜ್ಜ ತಿರುಗಿ ನೋಡಿ, ಮೊಮ್ಮಗಳನ್ನು ತೊಡೆಗೆ ಎಳೆದುಕೊಂಡರು. ಅಕ್ಕೋರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದು ನನಗೆ ಹೊಸದು.

ಆದರೆ ನಗು ಮುಗಿದ ಕೂಡಲೇ ಒಂದು ನೆರಳು ಬರುತ್ತಿತ್ತು. “ಅಲ್ಲಿ ಆ ವಯಸ್ಸಾದ ಜೀವ ಮಲಗಿರ್ತದೆ, ನಾನು ಪಕ್ಕದಲ್ಲಿ ಹೆಣ ನೋಡ್ಕಂಡು ಕುಂತಿರ್ತೀನಿ. ಇದು ಚೆಂದಾನಾ ಹೇಳು” ಅನ್ನುವರು. ಒಂದು ಕಿವಿಗೆ ಮಾತ್ರ ಇಯರ್‌ಫೋನು ಹಾಕಿಕೊಳ್ಳುತ್ತಿದ್ದರಂತೆ, ಇನ್ನೊಂದು ಕಿವಿ ಅತ್ತೆ ಕರೆದರೆ ಕೇಳಲಿ ಅಂತ. ಫೋನನ್ನು ಸ್ಟೂಲಿನ ಮೇಲೆ ಸ್ಟೀಲ್ ಡಬ್ಬಕ್ಕೆ ಒರಗಿಸಿಟ್ಟು, ಕಾಳು ಆರಿಸುತ್ತಲೋ ಬಟ್ಟೆ ಮಡಿಸುತ್ತಲೋ ನೋಡುವುದು. ಸುಮ್ಮನೆ ಕೂತು ನೋಡಿದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ ಅನ್ನುವ ಲೆಕ್ಕ. ನಾನು ಅವರನ್ನು ಗೇಲಿ ಮಾಡುತ್ತಿದ್ದೆ.

ಒಂದು ದಿನ ಬಸ್ಸಿಳಿಯುವಾಗ ನಾನೇ ಹೇಳಿದೆ: “ಇವತ್ತಿನ ಭಾಗ ಬಾಳ ಚೆನ್ನಾಗೈತೆ ಅಕ್ಕೋರೆ. ಮಧ್ಯದಲ್ಲಿ ಎದ್ದು ಗಿದ್ದು ಹೋಗಬೇಡ್ರಿ ಮತ್ತೆ.”

ಆ ಸಂಜೆ ಕಿಟಕಿಯ ಬಿಸಿಲು ಫೋನಿನ ಮೇಲೆ ಬಿದ್ದು ಚಿತ್ರ ಕಾಣುತ್ತಿರಲಿಲ್ಲವಂತೆ. ಅಕ್ಕೋರು ಸ್ಟೂಲನ್ನು ಗೋಡೆಯ ಕಡೆ ತಿರುಗಿಸಿ, ಅತ್ತೆಗೆ ಪೂರ್ತಿ ಬೆನ್ನು ಮಾಡಿ ಕೂತರು. ಪೊಲೀಸಿನವಳು ದೋಣಿಯವನ ಮನೆಯ ನೆಲಮಾಳಿಗೆಗೆ ಇಳಿಯುತ್ತಿದ್ದಳು. ಅತ್ತೆ ಕೂಗಿದರು. ಅಕ್ಕೋರು ತಿರುಗದೆ ಕೈಯೆತ್ತಿ ತಡೀರಿ ಅನ್ನುವ ಹಾಗೆ ಮಾಡಿದರು. ಇನ್ನೊಮ್ಮೆ ಕೂಗಿದರು. ಅಕ್ಕೋರು ಏಳಲಿಲ್ಲ. ಆಮೇಲೆ ಕೇಳಿಸಿದ್ದು ಮಂಚದಿಂದ ಮೈ ಬಿದ್ದ ಸದ್ದು.

ನನಗೆ ಫೋನು ಮಾಡಿ ನಡೆದದ್ದು ಹೇಳಿದಾಗ ಅವರು ಆಂಬುಲೆನ್ಸಿನಲ್ಲಿದ್ದರು; ನಾನೂ ಆಸ್ಪತ್ರೆಗೆ ಓಡಿದೆ. ಸೊಂಟದ ಮೂಳೆ ಮುರಿದಿತ್ತು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು, ಈ ವಯಸ್ಸಿಗೆ ಆಪರೇಷನ್ ತಡೆದುಕೊಳ್ಳುವುದು ಕಷ್ಟ, ಕಾಲಿಗೆ ತೂಕ ಕಟ್ಟಿ ಮಲಗಿಸಿ ನೋಡಬೇಕು ಅಂದರು. ಭೀಮಸಮುದ್ರದಿಂದ ಅಕ್ಕೋರ ನಾದಿನಿ ಓಡಿಬಂದರು. ಅಡಿಕೆ ವ್ಯಾಪಾರದ ಮನೆಗೆ ಕೊಟ್ಟ ಹೆಣ್ಣುಮಗಳು, ಅತ್ತೆಯ ಒಬ್ಬಳೇ ಮಗಳು. ತಾಯಿಯ ಕೈ ಹಿಡಿದು ಅತ್ತು, ಆಮೇಲೆ ಕಾರಿಡಾರಿಗೆ ಬಂದು ಕೇಳಿದರು: “ಹೆಂಗ್ ಬಿದ್ಲು ಅತ್ತಿಗೆ? ನೀವೆಲ್ಲಿದ್ರಿ?”

“ಅಡುಗೆಮನೇಲಿದ್ದೆ” ಅಂದರು ಅಕ್ಕೋರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾದಿನಿಗೆ ಕೇಳಿಸಿತೋ ಇಲ್ಲವೋ ಅನ್ನಿಸಿತು. ನಾನು ಮಧ್ಯೆ ಬಾಯಿ ಹಾಕಿದೆ: “ಹಾಲಿಟ್ಟಿದ್ರಂತೆ, ಉಕ್ತಾ ಇತ್ತಂತೆ.” ಯಾರೂ ಕೇಳದೆ ನಾನು ಸೇರಿಸಿದ ಹಾಲು ಅದು. ನಾದಿನಿ ಪಾಪ ಅಕ್ಕೋರನ್ನು ತಬ್ಬಿಕೊಂಡು, “ನೀವು ಒಬ್ರೇ ಎಷ್ಟಂತ ನೋಡ್ತೀರಿ ಅತ್ತಿಗೆ” ಅಂದರು. ಅವರ ಭುಜದ ಮೇಲಿಂದ ಅಕ್ಕೋರು ನನ್ನನ್ನು ನೋಡಿದ ನೋಟ ನನಗೆ ಈಗಲೂ ಮರೆಯಲಾಗಿಲ್ಲ. ಸಿಟ್ಟಿರಲಿಲ್ಲ ಅದರಲ್ಲಿ. ನಾವಿಬ್ಬರೂ ಏನು ಮಾಡಿಬಿಟ್ಟೆವು ಅನ್ನುವ ಹೆದರಿಕೆ ಇತ್ತು.

ಅತ್ತೆಯನ್ನು ಮನೆಗೆ ತಂದ ದಿನ ಅಕ್ಕೋರು ಫೋನು ನನ್ನ ಕೈಗಿಟ್ಟು, “ಅದನ್ನ ಅಳಿಸಿಹಾಕು” ಅಂದರು. ಅಳಿಸಿದೆ. ನಾನೂ ನನ್ನದರಲ್ಲಿ ಮುಂದಿನ ಭಾಗ ನೋಡಲಿಲ್ಲ. ಬಸ್ಸಿನಲ್ಲಿ ಮತ್ತೆ ತೂಕಡಿಕೆ ಶುರುವಾಯಿತು. ತೂಕಡಿಸುವ ಹಾಗೆ ಕಣ್ಣು ಮುಚ್ಚಿ ಕೂರುತ್ತಿದ್ದೆವು, ಅಷ್ಟೇ.

ಸುಮಾರು ದಿನ ಕಳೆದ ಮೇಲೆ ಒಂದು ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ. ಅಕ್ಕೋರು ಅತ್ತೆಗೆ ಗಂಜಿ ಕುಡಿಸುತ್ತಿದ್ದರು. ಅತ್ತೆ ಎರಡು ಚಮಚ ಕುಡಿದು ಬಾಯಿ ಒರೆಸಿಸಿಕೊಂಡು, ಸೊಸೆಯ ಮುಖವನ್ನೇ ನೋಡಿ ಕೇಳಿದರು:

“ಆ ನೆಲದೊಳಗೆ ಇಳಿದ್ಲಲ್ಲ ಉದ್ದ ಜುಟ್ಟಿನೋಳು, ಸಿಕ್ತಾ ಅವಳಿಗೆ ಏನಾರ?”

ಅಕ್ಕೋರು ಚಮಚ ಬಟ್ಟಲಿಗೆ ಇಟ್ಟರು. “ಯಾವ ಜುಟ್ಟಿನೋಳು ಅತ್ತೆ?”

“ಫೋನಿನಾಗಿನೋಳು. ನಾನೇನು ಕುರುಡೀನಾ? ದಿನಾ ನಿನ್ನ ಹೆಗಲ ಮೇಲಿಂದ ನೋಡ್ತಿದ್ದೆ. ಮಾತು ಕೇಳ್ತಿರಲಿಲ್ಲ, ನಾನೇ ಒಂದು ಕತೆ ಕಟ್ಕಂಡಿದ್ದೆ. ಅವತ್ತು ಆಯಕಟ್ಟಿನ ಜಾಗಕ್ಕೆ ಬಂದಾಗ ನೀನು ಗ್ವಾಡೆ ಕಡೀಕೆ ತಿರುಗಿಸ್ಕಂಡೆ. ಈ ಕಡೆ ತಿರುಗ್ಸೇ ಅಂತ ಕರೆದೆ. ನೀನು ಕೈಯಾಡಿಸ್ದೆ. ಇನ್ನೊಂದು ಸಲ ಕರೆದೆ. ಬಗ್ಗಿ ನೋಡಾಣ ಅಂತ ಹೋದೆ...”

ಅಕ್ಕೋರು ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಅತ್ತೆಗೆ ನೀರೋ ಬೆಡ್‌ಪ್ಯಾನೋ ಬೇಕಾಗಿತ್ತು, ತಾನು ಕೊಡಲಿಲ್ಲ ಅಂತ ಅಷ್ಟು ದಿನ ಕೊರಗಿದ್ದರು. ಬೇಕಾಗಿದ್ದದ್ದು ಅದಲ್ಲ. ಇದನ್ನು ಕೇಳಿ ನನ್ನ ಮನಸ್ಸೇನೋ ಹಗುರಾಯಿತು. ಅವರು ಮಾತ್ರ ಬಿಕ್ಕಿ ಬಿಕ್ಕಿ ಅತ್ತರು. ಇಷ್ಟು ದಿನ ಒಂದೇ ಕೋಣೆಯಲ್ಲಿ ಕೂತು, ಸ್ಟೂಲನ್ನು ಒಂದು ಗೇಣು ಆ ಕಡೆಗೆ ಸರಿಸಬೇಕು ಅಂತ ತನಗೆ ಹೊಳೆಯಲೇ ಇಲ್ಲವಲ್ಲ ಅಂತ.

ಅತ್ತೆಗೆ ಅಳು ನೋಡುವ ತಾಳ್ಮೆ ಇರಲಿಲ್ಲ. “ಅತ್ತಿದ್ದು ಸಾಕು. ಮುಂದಕ್ಕೆ ಹಾಕು” ಅಂದರು.

ಅಳಿಸಿದ್ದನ್ನು ಆ ಭಾನುವಾರವೇ ನಾನು ಮತ್ತೆ ಹಾಕಿಕೊಟ್ಟೆ. “ನಂಗೆ ಮೊದಲಿನಿಂದ ಹೇಳ್ಬೇಕು” ಅಂತ ಅತ್ತೆ ಹಟ ಹಿಡಿದರು. ಅವತ್ತಿನಿಂದ ಅಕ್ಕೋರು ಮೊದಲನೇ ಭಾಗದಿಂದ ಹಿಡಿದು, ಕೆಳಗಿನ ಒಂದೊಂದು ಸಾಲನ್ನೂ ನಿಲ್ಲಿಸಿ ನಿಲ್ಲಿಸಿ, ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋದರು. ಇಂಗ್ಲಿಷು ತಿಳಿಯದ ಕಡೆ ನನ್ನನ್ನು ಕೇಳುವರು. ನಾನಿಲ್ಲದಿದ್ದರೆ ಊಹಿಸಿ ಹೇಳುವರು. ಹಿಮವನ್ನು ಮೊದಲ ಸಲ ಗಮನವಿಟ್ಟು ನೋಡಿದ ಅತ್ತೆ, “ಊರ ತುಂಬ ಹಿಟ್ಟು ಯಾತಕ್ಕೆ ಚೆಲ್ಲವ್ರೆ?” ಅಂದರು. ಅದು ನೀರೇ, ಚಳಿಗೆ ಹಾಗಾಗಿರುವುದು ಅಂದಾಗ, “ನಮ್ಮ ಮಾರಿಕಣಿವೆ ಡ್ಯಾಮಿನ ನೀರು ಹಿಂಗೆ ಕಲ್ಲಾದ್ರೆ ಹೊಲಕ್ಕೆ ಏನು ಬಿಡ್ತಾರೆ?” ಅಂತ ಕೇಳಿದರು. ಅಕ್ಕೋರು ಕತೆ ನಿಲ್ಲಿಸಿ ನಕ್ಕರು. ಅತ್ತೆಯೂ ವಾರೆ ಬಾಯಲ್ಲಿ ನಕ್ಕರು. ನಾನು ಅಲ್ಲೇ ಇದ್ದೆ.

ಅತ್ತೆಯ ಅನುಮಾನವೂ ಬ್ರೆಡ್ ಮಾಡುವವನ ಮೇಲೆಯೇ. ಕೊನೆಗೆ ಕೊಂದದ್ದು ಅವನಲ್ಲ, ಸತ್ತವನ ತಂಗಿ, ಪೊಲೀಸರಿಗೆ ದಿನಾ ಬಿಸಿ ಸಾರು ತಂದುಕೊಡುತ್ತಿದ್ದವಳು ಅಂತ ಗೊತ್ತಾದಾಗ ಅವರಿಗೆ ಸಿಟ್ಟೇ ಬಂತು. “ಬರೆದೋನಿಗೆ ಬುದ್ಧಿ ಇಲ್ಲ. ಅಷ್ಟು ಚೆನ್ನಾಗಿ ಸಾರು ಮಾಡೋಳು ಯಾಕೆ ಕೊಲ್ತಾಳೆ?” ಅಂತ ಎರಡು ದಿನ ಗೊಣಗಿದರಂತೆ. ಆಮೇಲೆ ಅತ್ತೆ ಸೊಸೆ ಸೇರಿ ತಮ್ಮದೇ ಒಂದು ಕೊನೆ ಕಟ್ಟಿದರು, ಅದರಲ್ಲಿ ಬ್ರೆಡ್ಡಿನವನಿಗೆ ಜೈಲಾಯಿತು.

ಆ ಚಳಿಗಾಲದಲ್ಲಿ ಅತ್ತೆಯ ಎದೆಯಲ್ಲಿ ಕಫ ಕಟ್ಟಿತು. ಮಲಗಿದಲ್ಲೇ ಇದ್ದರೆ ಹಾಗಾಗುತ್ತದೆ ಅಂದರು ಡಾಕ್ಟರು. ಒಂದು ಮಧ್ಯಾಹ್ನ, ಮಗಳೂ ಸೊಸೆಯೂ ಇಬ್ಬರೂ ಪಕ್ಕದಲ್ಲಿರುವಾಗ, ಹೋಗಿಬಿಟ್ಟರು.

ಅತ್ತೆಯ ಹೆಸರಿನಲ್ಲಿ ಮಾಡಿದ ಗಣಾರಾಧನೆಯ ಊಟ ಮುಗಿದು ನೆಂಟರು ಚದುರಿದ ಮೇಲೆ ನಾದಿನಿ ಯಾರಿಗೋ ಹೇಳುತ್ತಿದ್ದರು, ನಮ್ಮತ್ತಿಗೆ ಇಲ್ಲದಿದ್ದರೆ ಅವ್ವ ಇಷ್ಟು ದಿನ ಬಾಳುತ್ತಲೇ ಇರಲಿಲ್ಲ ಅಂತ. ಅಕ್ಕೋರು ಪಾತ್ರೆ ಎತ್ತುತ್ತಿದ್ದವರು ನಿಂತರು. ನಾನು ಕಣ್ಣಲ್ಲೇ ಬೇಡ ಅಂದೆ. ಅವರು ನೋಡಲಿಲ್ಲ. ನಾದಿನಿಯನ್ನು ಒಳಗೆ ಕರೆದು, ನನ್ನನ್ನೂ ಕರೆದು, ಬಾಗಿಲು ಮುಂದೆ ಮಾಡಿದರು.

“ಅವತ್ತು ನಾನು ಅಡುಗೆಮನೇಲಿ ಇರಲಿಲ್ಲ ಕಣವ್ವ. ಅಲ್ಲೇ ಇದ್ದೆ. ಫೋನಿನಾಗೆ ಸೀರಿಯಲ್ ನೋಡ್ತಾ ಇದ್ದೆ. ಎದ್ದಿದ್ರೆ ಅತ್ತೆ ಬೀಳ್ತಿರಲಿಲ್ಲ.”

“ಹಾಲು ನಾನು ಹುಟ್ಟಿಸಿ ಹೇಳಿದ್ದು” ಅಂತ ನಾನೂ ಅಂದೆ. ನನ್ನ ಮಾತು ಯಾರಿಗೂ ಬೇಕಾಗಿರಲಿಲ್ಲ.

ನಾದಿನಿ ಗೋಡೆಯ ಕಡೆ ತಿರುಗಿದರು. ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಮೆಲ್ಲಗೆ ಅಂದರು: “ಇದನ್ನ ನಂಗೆ ಹೇಳಬಾರ್ದಿತ್ತು ಅತ್ತಿಗೆ. ನೀವು ಹೇಳಿ ಹಗುರಾದ್ರಿ. ಇನ್ನು ನಾನು ಹೊತ್ಕಂಡು ತಿರುಗ್ಬೇಕು.” ಆ ಸಂಜೆಯೇ ಭೀಮಸಮುದ್ರಕ್ಕೆ ಹೊರಟುಹೋದರು.

ಅತ್ತೆ ಬಗ್ಗಿದ್ದು ಯಾಕೆ, ಆಮೇಲೆ ಇಬ್ಬರೂ ಕೂತು ನೋಡಿದ್ದು, ಇದನ್ನೆಲ್ಲ ಯಾಕೆ ಹೇಳಲಿಲ್ಲ ಅಂತ ನಾನು ಅಕ್ಕೋರನ್ನು ತರಾಟೆಗೆ ತೆಗೆದುಕೊಂಡೆ. ಅವರು ತಲೆಯಾಡಿಸಿದರು. “ಅದು ಅತ್ತೆ ನಂಗೆ ಕೊಟ್ಟಿದ್ದು. ಅದನ್ನ ಸಾಕ್ಷಿ ಅಂತ ತಗಂಡೋಗಿ ನಿಲ್ಲಿಸ್ಲಾ?” ಅಂದರು. “ನಾದಿನಿ ಹೇಳಿದ್ದು ನಿಜ. ನಾನು ಹಗುರಾಗ್ಬೇಕು ಅಂತಾನೆ ಹೇಳ್ದೆ. ಆಗಲೂ ಇಲ್ಲ.”

ಆಮೇಲೆ ಅವರು ಮಾಡಿದ್ದು ಇಷ್ಟೇ. ತಿಂಗಳಿಗೊಮ್ಮೆ ಹಿರಿಯೂರಿನಿಂದ ದುರ್ಗ, ದುರ್ಗದಿಂದ ಭೀಮಸಮುದ್ರದ ಬಸ್ಸು ಹಿಡಿದು ನಾದಿನಿಯ ಮನೆಗೆ ಹೋಗುವುದು. ನಾದಿನಿ ನೀರು ಕೊಡುವರು, ಕಾಫಿ ಕೊಡುವರು, ಮಾತಾಡುವುದಿಲ್ಲ. ಅಕ್ಕೋರು ಅಲ್ಲಿ ಸ್ವಲ್ಪ ಹೊತ್ತು ಕೂತು, “ಬರ್ತೀನಿ ಕಣವ್ವ” ಅಂತ ಎದ್ದು ಬರುವುದು. ಮರ್ಯಾದೆ ಇಲ್ಲದ ಕಡೆ ಯಾಕೆ ಹೋಗುತ್ತೀರಿ ಅಂದರೆ, “ಅವಳು ಒಬ್ಳೇ ಹೊತ್ಕಂಡಿರ್ತಾಳೆ” ಅನ್ನುತ್ತಿದ್ದರು.

ನಿವೃತ್ತಿಯಾದ ಮೇಲಿನ ವಾರ ಹೊರಟಾಗ ನಾನೂ ಜೊತೆಗೆ ಹೋದೆ. ಅಂಗಳದಲ್ಲಿ ಬೇಯಿಸಿದ ಅಡಿಕೆ ಒಣಗಲು ಹಾಕಿದ್ದರು. ನಾದಿನಿ ನಮ್ಮಿಬ್ಬರಿಗೂ ಕಾಫಿ ತಂದಿಟ್ಟು, ಒಳಗೆ ಹೋಗದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಅಂಗಳದ ಕಡೆ ನೋಡುತ್ತಲೇ ಕೇಳಿದರು:

“ಅತ್ತಿಗೆ, ಒಂದು ಮಾತು. ಅವತ್ತು ಬೀಳೋಕೆ ಮುಂಚೆ ಅವ್ವ ಕೂಗಿರ್ಬೇಕಲ್ಲ, ಅದು ನಿಮಗೆ ಕೇಳಿಸಿತ್ತಾ, ಇಲ್ವಾ?”

ಇಲ್ಲ ಅನ್ನಲು ದಾರಿ ಇತ್ತು. ನಾದಿನಿಗೂ ಆ ‘ಇಲ್ಲ’ವೇ ಬೇಕಾಗಿತ್ತು ಅಂತ ನನಗೆ ಅನ್ನಿಸಿತು. ಕೇಳಿದ ದನಿಯಲ್ಲೇ ಅದು ಇತ್ತು.

“ಕೇಳಿಸಿತ್ತು” ಅಂದರು ಅಕ್ಕೋರು.

ನಾದಿನಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಂಗಳಕ್ಕೆ ಇಳಿದು ಕಾಗೆ ಓಡಿಸಿ, ಅಡಿಕೆಯನ್ನು ಕೈಯಿಂದ ಎರಡು ಸಲ ಹರವಿ, ಒಳಗೆ ಹೋದರು. ನಾವು ಲೋಟ ಕೆಳಗಿಟ್ಟು ಹೊರಡಲು ಎದ್ದೆವು. ಅಡುಗೆಮನೆಯಿಂದ ಅವರ ದನಿ ಬಂತು.

“ಎಲ್ಲಿಗೆ ಹೊಂಟ್ರಿ? ಕೈ ತೊಳ್ಕಳ್ರಿ. ಮುದ್ದೆ ಆರಿಹೋಗ್ತದೆ.”